ಮೇಲ್‌ನಿಂದ ಬಂದ ಓದುಗರು ‘ಡೈರೆಕ್ಟ್’ನಲ್ಲಿ ಕಳೆದುಹೋಗದ ಹಾಗೆ ಲೆಕ್ಕ ಇಡುವುದು ಹೇಗೆ?

ನನ್ನ ಬ್ಲಾಗ್‌ನ ಚಂದಾದಾರರಿಗೆ ಮೊದಲ ಸಲ ಮೇಲ್ ಕಳಿಸಿದ ದಿನ ರಾತ್ರಿ ತಾಣಕ್ಕೆ ಎಷ್ಟು ಜನ ಬಂದರು ಅಂತ ತೋರಿಸುವ ಡ್ಯಾಶ್‌ಬೋರ್ಡ್ ತೆರೆದು ಕೂತಿದ್ದೆ. ಭೇಟಿಗಳ ಗೆರೆ ಚೆನ್ನಾಗಿಯೇ ಮೇಲೆದ್ದಿತ್ತು. ಆದರೆ ‘ಇಮೇಲ್’ ಅನ್ನುವ ಸಾಲೇ ಇರಲಿಲ್ಲ. ಬಂದವರೆಲ್ಲ ‘ಡೈರೆಕ್ಟ್’ ಅನ್ನುವ ಹೆಸರಿನ ಕೆಳಗೆ ಸೇರಿಕೊಂಡಿದ್ದರು. ಜನ ನನ್ನ ತಾಣದ ವಿಳಾಸ ನೆನಪಿಟ್ಟುಕೊಂಡು ತಾವೇ ಟೈಪ್ ಮಾಡಿ ಬಂದಿದ್ದಾರೆ ಅಂತ ಎರಡು ದಿನ ಸುಮ್ನೆ ಖುಷಿಪಟ್ಟೆ.

ನಡೆದದ್ದು ಬೇರೆಯೇ. ಒಂದು ವೆಬ್ ಪುಟದಿಂದ ಇನ್ನೊಂದಕ್ಕೆ ಹೋದಾಗ, ಯಾವ ತಾಣದಿಂದ ಬಂದಿರಿ ಎಂಬುದನ್ನು ಬ್ರೌಸರ್ ಸಾಮಾನ್ಯವಾಗಿ ಹೇಳುತ್ತದೆ. ಇದಕ್ಕೆ ರೆಫರರ್ ಅನ್ನುತ್ತಾರೆ. ಫೋನಿನ ಮೇಲ್ ಆ್ಯಪ್ ವೆಬ್ ಪುಟವಲ್ಲ. ಅಲ್ಲಿ ಲಿಂಕ್ ಒತ್ತಿದರೆ ಸಾಮಾನ್ಯವಾಗಿ ರೆಫರರ್ ಬರುವುದಿಲ್ಲ. ವಾಟ್ಸ್ಆ್ಯಪ್ ಸಂದೇಶ, ಪಿಡಿಎಫ್ ಕಡತದೊಳಗಿನ ಲಿಂಕ್ ಎಲ್ಲದರದ್ದೂ ಹೆಚ್ಚುಕಡಿಮೆ ಇದೇ ಕಥೆ. ಹಾಗಾಗಿ ‘ಡೈರೆಕ್ಟ್’ ಅಂದರೆ ನೇರವಾಗಿ ಬಂದವರು ಅಂತ ತಿಳಿಯಬೇಡಿ. ‘ಎಲ್ಲಿಂದ ಬಂದರೋ ಗೊತ್ತಿಲ್ಲ’ ಅಂತ ಓದಿಕೊಳ್ಳಿ.

ಇದನ್ನು ಯಾವ ಪ್ಲಗಿನ್ನೂ ತಾನಾಗಿಯೇ ಸರಿಮಾಡುವುದಿಲ್ಲ. ಪ್ಲಗಿನ್ ಅಂದರೆ ತಾಣಕ್ಕೆ ಸೇರಿಸುವ ಚಿಕ್ಕ ಸಾಫ್ಟ್‌ವೇರ್. ಅದು ಎಣಿಸುತ್ತದೆ, ಅಷ್ಟೇ. ಯಾವ ಭೇಟಿಗೆ ಯಾವ ಹೆಸರು ಅಂತ ಹೇಳಬೇಕಾದವರು ಲಿಂಕ್ ಕಳಿಸುವ ನೀವು. ಈ ಲೇಖನದಲ್ಲಿ ಪ್ಲಗಿನ್ ಹಾಕುವ ಭಾಗ ಚಿಕ್ಕದು, ಹೆಸರಿಡುವ ಭಾಗ ದೊಡ್ಡದು. ನಾನು ತಾಣ ನಡೆಸಲು ವರ್ಡ್‌ಪ್ರೆಸ್ ಅನ್ನುವ ಸಾಫ್ಟ್‌ವೇರ್ ಬಳಸುವವನು, ಆದ್ದರಿಂದ ಅದನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಲಿಂಕ್‌ನ ಸಂಗತಿ ಎಲ್ಲ ತಾಣಗಳಿಗೂ ಒಂದೇ.

ಹೆಜ್ಜೆ 1: ಒಂದು ಪ್ಲಗಿನ್, ಒಂದೇ ಒಂದು

ಅನಾಲಿಟಿಕ್ಸ್, ಅಂದರೆ ಭೇಟಿಗಳ ಲೆಕ್ಕ ಇಡುವ, ಪ್ಲಗಿನ್‌ಗಳಲ್ಲಿ ಎರಡು ಜಾತಿ. ಒಂದು ಜಾತಿ ನಿಮ್ಮ ತಾಣಕ್ಕೆ ಗೂಗಲ್ ಅನಾಲಿಟಿಕ್ಸ್‌ನ ಕೋಡ್ ಸೇರಿಸಿ, ಅಲ್ಲಿನ ಲೆಕ್ಕವನ್ನು ನಿಮ್ಮ ಡ್ಯಾಶ್‌ಬೋರ್ಡ್‌ಗೆ ತಂದು ತೋರಿಸುತ್ತದೆ. ಗೂಗಲ್‌ನದೇ ಆದ ಸೈಟ್ ಕಿಟ್ ಮತ್ತು ಮಾನ್‌ಸ್ಟರ್‌ಇನ್‌ಸೈಟ್ಸ್ ಈ ಜಾತಿಯವು. ಇನ್ನೊಂದು ಜಾತಿ ಲೆಕ್ಕವನ್ನೆಲ್ಲ ನಿಮ್ಮ ಸರ್ವರ್‌ನ ಡೇಟಾಬೇಸ್‌ನಲ್ಲೇ ಇಟ್ಟುಕೊಳ್ಳುತ್ತದೆ. ಮಟೋಮೊ ಮತ್ತು ಡಬ್ಲ್ಯೂಪಿ ಸ್ಟ್ಯಾಟಿಸ್ಟಿಕ್ಸ್ ಇಂಥವು.

ಯಾವುದನ್ನು ಆರಿಸಬೇಕು? ವಾರಕ್ಕೊಂದು ಬರಹ, ತಿಂಗಳಿಗೊಂದು ಮೇಲ್, ಇಷ್ಟೇ ಇದ್ದರೆ ಎರಡನೇ ಜಾತಿ ಸಾಕು. ನೋಡಲು ಸರಳ, ಓದುಗರ ಮಾಹಿತಿ ನಿಮ್ಮ ಬಳಿಯೇ ಉಳಿಯುತ್ತದೆ. ಮೇಲ್ ಜೊತೆಗೆ ಜಾಹೀರಾತು, ಮಾರಾಟ, ನೋಂದಣಿ ಫಾರಂ ಎಲ್ಲ ಇದ್ದರೆ ಗೂಗಲ್‌ನ ದಾರಿ ಹಿಡಿಯಿರಿ. ಆರಿಸುವ ಮುಂಚೆ ಒಂದನ್ನು ಮಾತ್ರ ಖಚಿತಮಾಡಿಕೊಳ್ಳಿ: ಆ ಪ್ಲಗಿನ್ ಲಿಂಕ್‌ನಲ್ಲಿರುವ ಯುಟಿಎಂ ಟ್ಯಾಗ್‌ಗಳನ್ನು (ಎಲ್ಲಿಂದ ಬಂದದ್ದು ಅಂತ ಲಿಂಕ್‌ಗೆ ಅಂಟಿಸುವ ಚೀಟಿಗಳು, ಹೆಜ್ಜೆ 3ರಲ್ಲಿ ವಿವರವಿದೆ) ಓದುತ್ತದೆಯೇ? ಉಚಿತ ಆವೃತ್ತಿಯಲ್ಲೇ ಓದುತ್ತದೆಯೇ? ಮಟೋಮೊ ಅಂತೂ ತನ್ನದೇ ಟ್ಯಾಗ್‌ಗಳ ಜೊತೆ ಯುಟಿಎಂ ಅನ್ನೂ ಓದುತ್ತದೆ.

ಒಂದೇ ಗೂಗಲ್ ಖಾತೆಯ ಕೋಡನ್ನು ಎರಡು ಪ್ಲಗಿನ್‌ಗಳು ಸೇರಿಸಿದರೆ ಪ್ರತಿ ಪುಟದ ವೀಕ್ಷಣೆಯೂ ಎರಡೆರಡು ಸಲ ಎಣಿಕೆಯಾಗುತ್ತದೆ. ಥೀಮ್‌ನ ಸೆಟ್ಟಿಂಗ್‌ನಲ್ಲಿ ಯಾವತ್ತೋ ಅಂಟಿಸಿ ಮರೆತ ಕೋಡ್ ಕೂಡ ಇದೇ ಕೆಲಸ ಮಾಡುತ್ತದೆ. ಓದುಗರು ರಾತ್ರೋರಾತ್ರಿ ದುಪ್ಪಟ್ಟಾದರೆ ಸಂಭ್ರಮಿಸುವ ಮೊದಲು ಇದನ್ನು ನೋಡಿ.

ಹೆಜ್ಜೆ 2: ಹಾಕಿ, ಪರೀಕ್ಷಿಸಿ

ಡ್ಯಾಶ್‌ಬೋರ್ಡ್‌ನಲ್ಲಿ ಪ್ಲಗಿನ್ಸ್‌ಗೆ ಹೋಗಿ, ಹೊಸದನ್ನು ಸೇರಿಸುವ ಬಟನ್ ಒತ್ತಿ, ಹೆಸರು ಹುಡುಕಿ, ಇನ್‌ಸ್ಟಾಲ್ ಮಾಡಿ, ಆಕ್ಟಿವೇಟ್ ಮಾಡಿ. ಸೈಟ್ ಕಿಟ್ ಆದರೆ ಗೂಗಲ್ ಖಾತೆಯಿಂದ ಸೈನ್ ಇನ್ ಆಗಿ, ತಾಣ ನಿಮ್ಮದೇ ಎಂದು ದೃಢಪಡಿಸಿ, ಅನಾಲಿಟಿಕ್ಸ್ ಜೋಡಿಸಿದರೆ ಮುಗಿಯಿತು. ನಿಮ್ಮ ತಾಣದ ಗುರುತಿನ ಸಂಖ್ಯೆ ‘ಜಿ’ ಅಕ್ಷರ ಮತ್ತು ಒಂದು ಅಡ್ಡಗೆರೆಯಿಂದ ಶುರುವಾಗಬೇಕು. ‘ಯುಎ’ಯಿಂದ ಶುರುವಾಗುವ ಸಂಖ್ಯೆ ಹಾಕಿ ಅಂತ ಯಾವುದಾದರೂ ಮಾರ್ಗದರ್ಶಿ ಹೇಳಿದರೆ ಅದನ್ನು ಮುಚ್ಚಿಬಿಡಿ. ಆ ಹಳೆಯ ವ್ಯವಸ್ಥೆ 2023ರ ಜುಲೈ 1ರಿಂದ ಹೊಸ ಲೆಕ್ಕ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದೆ. ಈಗ ಇರುವುದು ನಾಲ್ಕನೇ ಆವೃತ್ತಿ, ಎಲ್ಲರೂ ಜಿಎ4 ಅನ್ನುತ್ತಾರೆ.

ಜಿಎ4 ಹಾಕಿದ ದಿನವೇ ಒಂದು ಸೆಟ್ಟಿಂಗ್ ಬದಲಿಸಿ. ವಿವರವಾದ ಮಾಹಿತಿಯನ್ನು ಅದು ತಾನಾಗಿ 2 ತಿಂಗಳು ಮಾತ್ರ ಇಟ್ಟುಕೊಳ್ಳುತ್ತದೆ. ಅಡ್ಮಿನ್ ಭಾಗದ ಡೇಟಾ ರಿಟೆನ್ಷನ್‌ನಲ್ಲಿ ಅದನ್ನು 14 ತಿಂಗಳು ಮಾಡಬಹುದು. ಮಾಮೂಲಿ ವರದಿಗಳಿಗೆ ಇದರಿಂದ ಏನೂ ವ್ಯತ್ಯಾಸವಿಲ್ಲ. ಆದರೆ ನಮಗೆ ಬೇಕಾದ ಹಾಗೆ ವರದಿ ಕಟ್ಟಿಕೊಳ್ಳುವ ‘ಎಕ್ಸ್‌ಪ್ಲೋರ್’ ಭಾಗದಲ್ಲಿ ಹೋದ ವರ್ಷದ ಮೇಲ್ ಜೊತೆ ಈ ವರ್ಷದ್ದನ್ನು ಹೋಲಿಸಲು ಕೂತಾಗ ಇದು ಬೇಕಾಗುತ್ತದೆ. ಕಳೆದುಹೋದದ್ದು ಮತ್ತೆ ಬರುವುದಿಲ್ಲ.

ಪರೀಕ್ಷಿಸಲು ನಿಮ್ಮ ತಾಣವನ್ನು ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆಯಿರಿ, ಅಲ್ಲಿ ನಿಮ್ಮ ಲಾಗಿನ್ ಇರುವುದಿಲ್ಲ. ಲಾಗಿನ್ ಆದವರನ್ನು ಎಣಿಸದಿರುವ ಆಯ್ಕೆ ಇಂಥ ಪ್ಲಗಿನ್‌ಗಳಲ್ಲಿ ಇರುತ್ತದೆ. ಅದು ಆನ್ ಇದ್ದರೆ ನೀವು ಮಾಮೂಲಿ ಕಿಟಕಿಯಲ್ಲಿ ಎಷ್ಟು ಸಲ ರಿಫ್ರೆಶ್ ಮಾಡಿದರೂ ಏನೂ ಕಾಣುವುದಿಲ್ಲ. ಆ ಆಯ್ಕೆಯನ್ನು ಆಫ್ ಮಾಡಬೇಡಿ ಮತ್ತೆ. ಬರೆಯುವಾಗ ನಿಮ್ಮ ಪುಟವನ್ನು ಹತ್ತಾರು ಸಲ ನೋಡುವವರು ನೀವೇ ಅಲ್ವಾ? ಇನ್‌ಕಾಗ್ನಿಟೊದಲ್ಲಿ ತೆರೆದ ಮೇಲೆ ಜಿಎ4ನ ರಿಯಲ್‌ಟೈಮ್ ವರದಿ ನೋಡಿ. ಕಳೆದ 30 ನಿಮಿಷದ ಲೆಕ್ಕ ಅಲ್ಲಿರುತ್ತದೆ. ನೀವೊಬ್ಬರು ಕಂಡರೆ ಸಾಕು.

ಹೆಜ್ಜೆ 3: ಲಿಂಕ್‌ಗೆ ಚೀಟಿ ಅಂಟಿಸುವುದು

ಬಸ್ಸಿಗೆ ಹಾಕುವ ಮೂಟೆಯ ಮೇಲೆ ಎಲ್ಲಿಂದ ಬಂದದ್ದು ಅಂತ ಬರೆದು ಅಂಟಿಸುತ್ತಾರಲ್ಲ, ಯುಟಿಎಂ ಅಂದರೆ ಅದೇ. ಲಿಂಕ್‌ನ ಬಾಲಕ್ಕೆ ಸೇರಿಸುವ ಕೆಲವು ಪದಗಳು. ಪುಟ ತೆರೆಯುವುದರಲ್ಲಿ ಏನೂ ಬದಲಾಗುವುದಿಲ್ಲ, ಅನಾಲಿಟಿಕ್ಸ್ ಮಾತ್ರ ಅದನ್ನು ಓದಿಕೊಳ್ಳುತ್ತದೆ. ಹೆಸರಿನಲ್ಲಿರುವ ‘ಯು’ ಅಂದರೆ ಅರ್ಚಿನ್. ಆ ಹೆಸರಿನ ಕಂಪನಿಯನ್ನು ಗೂಗಲ್ 2005ರಲ್ಲಿ ಕೊಂಡು, ಅದೇ ವರ್ಷ ಗೂಗಲ್ ಅನಾಲಿಟಿಕ್ಸ್ ಶುರುಮಾಡಿತು. ಕಂಪನಿಯ ಹೆಸರು ಮರೆತೇಹೋಯಿತು, ಟ್ಯಾಗ್‌ನಲ್ಲಿ ಮೊದಲಕ್ಷರ ಉಳಿದುಕೊಂಡಿತು.

ಮುಖ್ಯವಾದವು ಐದು ಟ್ಯಾಗ್‌ಗಳು. ಮೇಲ್‌ಗೆ ಮೂರು ಬೇಕೇ ಬೇಕು. ‘ಸೋರ್ಸ್’ ಅಂದರೆ ಯಾರು ಕಳಿಸಿದ್ದು: ನಿಮ್ಮ ವಾರದ ಪತ್ರವೇ, ಹೊಸ ಸದಸ್ಯರಿಗೆ ಹೋಗುವ ಸ್ವಾಗತದ ಮೇಲೇ? ‘ಮೀಡಿಯಂ’ ಅಂದರೆ ಯಾವ ಬಗೆಯ ದಾರಿ. ‘ಕ್ಯಾಂಪೇನ್’ ಅಂದರೆ ಯಾವ ಸಂದರ್ಭಕ್ಕೆ. ನಾಲ್ಕನೆಯದು ‘ಕಂಟೆಂಟ್’. ಒಂದೇ ಮೇಲ್‌ನಲ್ಲಿ ಒಂದೇ ಪುಟಕ್ಕೆ ಎರಡು ಮೂರು ಲಿಂಕ್ ಇದ್ದಾಗ, ಚಿತ್ರ ಒತ್ತಿದರೋ ಬಟನ್ ಒತ್ತಿದರೋ ಅಂತ ತಿಳಿಯಲು ಇದು. ಐದನೆಯದು ‘ಟರ್ಮ್’, ಹುಡುಕಾಟದ ಜಾಹೀರಾತಿನವರಿಗೆ. ಮೇಲ್‌ಗೆ ಬೇಡ.

ಸೈಕಲ್ ರಿಪೇರಿ ಬಗ್ಗೆ ಬರೆಯುವ ತಾಣವೊಂದು ಚೈನ್ ಬದಲಿಸುವ ಬರಹವನ್ನು ಮೇಲ್‌ನಲ್ಲಿ ಕಳಿಸುತ್ತದೆ ಅಂದುಕೊಳ್ಳಿ. ಲಿಂಕ್ ಹೀಗಿರುತ್ತದೆ:

ನನ್ನತಾಣ.ಕಾಮ್/ಚೈನ್/?ಯುಟಿಎಂ_ಸೋರ್ಸ್=ವಾರಪತ್ರ&ಯುಟಿಎಂ_ಮೀಡಿಯಂ=ಇಮೇಲ್&ಯುಟಿಎಂ_ಕ್ಯಾಂಪೇನ್=2025-06-ಚೈನ್

ಓದಲು ಸುಲಭವಾಗಲಿ ಅಂತ ಕನ್ನಡದಲ್ಲಿ ಬರೆದಿದ್ದೇನೆ. ನಿಜವಾದ ಲಿಂಕ್‌ನಲ್ಲಿ ಟ್ಯಾಗ್‌ಗಳ ಹೆಸರು ಇಂಗ್ಲಿಷ್‌ನಲ್ಲೇ ಇರಬೇಕು. ಅದರ ಎದುರು ಬರೆಯುವ ‘ವಾರಪತ್ರ’ದಂಥ ಪದ ಕನ್ನಡದಲ್ಲಿದ್ದರೂ ನಡೆಯುತ್ತದೆ. ಆದರೂ ಬೇಡ ಅನ್ನುತ್ತೇನೆ. ಲಿಂಕ್‌ನಲ್ಲಿ ಹೋಗುವಾಗ ಕನ್ನಡದ ಅಕ್ಷರಗಳು ಶೇಕಡಾ ಚಿಹ್ನೆಯ ಸಂಕೇತಗಳಾಗುತ್ತವೆ. ಯೂನಿಕೋಡ್‌ನ ಒಂದೊಂದು ಕನ್ನಡ ಚಿಹ್ನೆಗೆ 9 ಅಕ್ಷರದ ಸಂಕೇತ. ‘ಕನ್ನಡ’ ಅನ್ನುವ ಪುಟ್ಟ ಪದದಲ್ಲಿ ಒತ್ತಿನ ಹಲಂತವೂ ಸೇರಿ 5 ಚಿಹ್ನೆಗಳಿವೆ. ಲಿಂಕ್‌ನಲ್ಲಿ ಅದು 45 ಅಕ್ಷರ! ಮೇಲ್‌ನಲ್ಲಿ ಅಂಥ ಲಿಂಕ್ ಕಂಡವರು ಇದೇನೋ ಮೋಸ ಅಂತ ಒತ್ತದೆ ಬಿಟ್ಟರೆ ತಪ್ಪು ಅವರದ್ದಲ್ಲ. ಕನ್ನಡದ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದುಬಿಡಿ.

ಚಿಹ್ನೆಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಪ್ರಶ್ನಾರ್ಥಕ ಚಿಹ್ನೆ ಒಂದೇ ಸಲ ಬರಬೇಕು, ಆಮೇಲಿನದ್ದೆಲ್ಲ & ಚಿಹ್ನೆಯಿಂದ ಜೋಡಣೆ. ಲಿಂಕ್‌ನಲ್ಲಿ ಮೊದಲೇ ಪ್ರಶ್ನಾರ್ಥಕ ಇದ್ದರೆ ಮೊದಲ ಟ್ಯಾಗನ್ನೂ & ಹಾಕಿಯೇ ಸೇರಿಸಿ. ಪುಟದ ನಡುವಿನ ಭಾಗಕ್ಕೆ ಕರೆದೊಯ್ಯುವ # ಇದ್ದರೆ ಅದು ಟ್ಯಾಗ್‌ಗಳೆಲ್ಲ ಮುಗಿದ ಮೇಲೆ, ಕೊನೆಯಲ್ಲಿ. ಪದಗಳ ನಡುವೆ ಖಾಲಿ ಜಾಗ ಬೇಡ, ಅಡ್ಡಗೆರೆ ಹಾಕಿ. ಕೈಯಲ್ಲಿ ಜೋಡಿಸುವುದು ಬೇಜಾರಾದರೆ ಗೂಗಲ್‌ನ ಕ್ಯಾಂಪೇನ್ ಯುಆರ್‌ಎಲ್ ಬಿಲ್ಡರ್ ಪುಟವಿದೆ. ಖಾಲಿ ಜಾಗ ತುಂಬಿದರೆ ಲಿಂಕ್ ತಯಾರು.

ಈಗ ಎಲ್ಲರೂ ಎಡವುವ ಜಾಗ. ಮೀಡಿಯಂ ಎದುರು ‘ಇಮೇಲ್’ ಅಂತಲೇ ಬರೆಯಬೇಕು, ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ. ‘ನ್ಯೂಸ್‌ಲೆಟರ್’ ಅಂತ ಬರೆಯಬೇಡಿ. ಜಿಎ4 ಭೇಟಿಗಳನ್ನು ಚಾನೆಲ್‌ಗಳಾಗಿ, ಅಂದರೆ ಬಂದ ದಾರಿಯ ಗುಂಪುಗಳಾಗಿ, ವಿಂಗಡಿಸುವಾಗ ಸೋರ್ಸ್ ಅಥವಾ ಮೀಡಿಯಂನಲ್ಲಿ ‘ಇಮೇಲ್’ ಅನ್ನುವ ಪದವನ್ನು ಹುಡುಕುತ್ತದೆ. ಸಿಗದಿದ್ದರೆ ಆ ಭೇಟಿಗಳು ‘ಅನ್‌ಅಸೈನ್ಡ್’ ಅನ್ನುವ ಬುಟ್ಟಿಗೆ ಬೀಳುತ್ತವೆ. ಡೈರೆಕ್ಟ್‌ನಿಂದ ಪಾರುಮಾಡಿ ಇನ್ನೊಂದು ಗುಂಡಿಗೆ ತಳ್ಳಿದ ಹಾಗೆ.

ಸಣ್ಣ ಅಕ್ಷರ, ದೊಡ್ಡ ಅಕ್ಷರದ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಕ್ಯಾಂಪೇನ್ ಹೆಸರಿನ ಮೊದಲ ಅಕ್ಷರ ಒಮ್ಮೆ ದೊಡ್ಡದು, ಒಮ್ಮೆ ಚಿಕ್ಕದು ಆದರೆ ವರದಿಯಲ್ಲಿ ಎರಡು ಬೇರೆ ಸಾಲು. ಹೀಗೆ ಒಂದೇ ಪತ್ರಕ್ಕೆ ನನ್ನ ಬಳಿ ಮೂರು ಹೆಸರಿದ್ದವು. ಒಂದರಲ್ಲಿ ಅಡ್ಡಗೆರೆ, ಒಂದರಲ್ಲಿ ಅಂಡರ್‌ಸ್ಕೋರ್, ಒಂದರಲ್ಲಿ ದೊಡ್ಡ ಅಕ್ಷರ. ಬಂದು ಸೇರಿದ ಲೆಕ್ಕದಲ್ಲಿ ಹೆಸರು ತಿದ್ದಲು ಆಗುವುದಿಲ್ಲ.

ಹೆಜ್ಜೆ 4: ಒಂದು ಹಾಳೆ

ಇದಕ್ಕೆ ನನಗೆ ಗೊತ್ತಿರುವ ಮದ್ದು ಒಂದೇ: ಸ್ಪ್ರೆಡ್‌ಶೀಟ್. ಕಳಿಸಿದ ದಿನ, ಸೋರ್ಸ್, ಮೀಡಿಯಂ, ಕ್ಯಾಂಪೇನ್, ಪೂರ್ತಿ ಲಿಂಕ್, ಇಷ್ಟು ಕಾಲಂ. ಹೊಸ ಲಿಂಕ್ ಬೇಕಾದಾಗ ಹಳೆಯ ಸಾಲನ್ನು ಕಾಪಿ ಮಾಡಿ ತಿದ್ದುತ್ತೇನೆ. ಶುರುವಿನಿಂದ ಟೈಪ್ ಮಾಡಿದರೆ ತಪ್ಪು ಗ್ಯಾರಂಟಿ. ಕ್ಯಾಂಪೇನ್ ಹೆಸರನ್ನು ವರ್ಷ ಮತ್ತು ತಿಂಗಳಿಂದ ಶುರುಮಾಡಿ. ಹೆಸರಿನ ಪ್ರಕಾರ ಜೋಡಿಸಿದಾಗ ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಇಬ್ಬರು ಮೂವರು ಸೇರಿ ತಾಣ ನಡೆಸುತ್ತಿದ್ದರೆ ಹಾಳೆ ಎಲ್ಲರ ಕೈಗೂ ಸಿಗಲಿ.

ಟ್ಯಾಗ್‌ಗಳು ಬ್ರೌಸರ್‌ನ ವಿಳಾಸ ಪಟ್ಟಿಯಲ್ಲಿ ಎಲ್ಲರಿಗೂ ಕಾಣುತ್ತವೆ. ‘ಹಳೆಯ-ಸೋಮಾರಿ-ಓದುಗರು’ ಅಂತೆಲ್ಲ ಕ್ಯಾಂಪೇನ್‌ಗೆ ಹೆಸರಿಟ್ಟರೆ ಅವರೇ ಓದುತ್ತಾರೆ. ಇನ್ನು, ಓದುಗರ ಮೇಲ್ ವಿಳಾಸವನ್ನೋ ಹೆಸರನ್ನೋ ಟ್ಯಾಗ್‌ನೊಳಗೆ ಯಾವತ್ತೂ ಹಾಕಬೇಡಿ. ವ್ಯಕ್ತಿಯನ್ನು ಗುರುತಿಸುವ ಮಾಹಿತಿ ಕಳಿಸುವುದನ್ನು ಗೂಗಲ್ ಅನಾಲಿಟಿಕ್ಸ್‌ನ ನಿಯಮವೇ ನಿಷೇಧಿಸುತ್ತದೆ. ನಿಯಮ ಇರದಿದ್ದರೂ ಅದು ಮಾಡುವ ಕೆಲಸವಲ್ಲ.

ಹೆಜ್ಜೆ 5: ಮೇಲ್‌ಗೆ ಹಾಕಿ, ಮೊದಲು ನಿಮಗೇ ಕಳಿಸಿಕೊಳ್ಳಿ

ಚಂದಾದಾರರಿಗೆಲ್ಲ ಒಟ್ಟಿಗೆ ಮೇಲ್ ಕಳಿಸುವ ಮೇಲ್‌ಚಿಂಪ್ ಥರದ ಸೇವೆಗಳಲ್ಲಿ ಗೂಗಲ್ ಅನಾಲಿಟಿಕ್ಸ್ ಟ್ರ್ಯಾಕಿಂಗ್ ಅನ್ನುವ ಆಯ್ಕೆ ಇರುತ್ತದೆ. ಅದನ್ನು ಆನ್ ಮಾಡಿದರೆ ಎಲ್ಲ ಲಿಂಕ್‌ಗೂ ಟ್ಯಾಗ್ ತಾನಾಗಿ ಸೇರುತ್ತದೆ. ಒಳ್ಳೆಯದೇ. ಆದರೆ ಕೈಯಲ್ಲಿ ಹಾಕಿದ ಟ್ಯಾಗೂ ಇದ್ದು, ತಾನಾಗಿ ಬರುವುದೂ ಸೇರಿದರೆ ಯಾವುದು ಗೆಲ್ಲುತ್ತದೋ ಹೇಳುವುದು ಕಷ್ಟ. ಎರಡರಲ್ಲಿ ಒಂದು ಆರಿಸಿ. ನಾನು ಕೈಯಲ್ಲೇ ಹಾಕುತ್ತೇನೆ. ತಾನಾಗಿ ಸೇರುವ ಹೆಸರುಗಳು ನನ್ನ ಹಾಳೆಗೆ ಹೊಂದುವುದಿಲ್ಲ.

ಕಳಿಸುವ ಮುಂಚೆ ನಿಮಗೇ ಒಂದು ಪರೀಕ್ಷೆಯ ಮೇಲ್ ಕಳಿಸಿಕೊಂಡು, ಫೋನಿನಲ್ಲಿ ತೆರೆದು, ಪ್ರತಿ ಲಿಂಕನ್ನೂ ಒತ್ತಿ. ಪುಟ ತೆರೆದ ಮೇಲೆ ವಿಳಾಸ ಪಟ್ಟಿಯ ಕೊನೆ ನೋಡಿ. ಟ್ಯಾಗ್ ಇದೆಯೇ? ಒಮ್ಮೆ ನನ್ನ ಟ್ಯಾಗ್‌ಗಳೆಲ್ಲ ದಾರಿಯಲ್ಲೇ ಉದುರಿಹೋಗಿದ್ದವು. ಬರಹದ ವಿಳಾಸ ಬದಲಿಸಿ, ಹಳೆಯದನ್ನು ಒತ್ತಿದವರು ತಾವಾಗಿ ಹೊಸದಕ್ಕೆ ಹೋಗುವ ಹಾಗೆ ರೀಡೈರೆಕ್ಟ್ ಹಾಕಿದ್ದೆ. ಆ ರೀಡೈರೆಕ್ಟ್ ಪ್ರಶ್ನಾರ್ಥಕದ ಮುಂದಿನದ್ದನ್ನು ಸಾಗಿಸುತ್ತಿರಲಿಲ್ಲ. ಪುಟ ಸರಿಯಾಗಿಯೇ ತೆರೆಯುತ್ತಿದ್ದ ಕಾರಣ ಗೊತ್ತೇ ಆಗಲಿಲ್ಲ. ರೀಡೈರೆಕ್ಟ್ ಆದ ಮೇಲೆ ಸಿಗುವ ಕೊನೆಯ ವಿಳಾಸವನ್ನೇ ಕಾಪಿ ಮಾಡಿ ಅದಕ್ಕೆ ಟ್ಯಾಗ್ ಸೇರಿಸಿದರೆ ಈ ತಲೆನೋವು ಇಲ್ಲ.

ಬ್ಲಾಗ್‌ನ ಬರಹಗಳಿಗೂ ಟ್ಯಾಗ್ ಬೇಕಾ?

ಹೊರಗೆ ನೀವೇ ಹಂಚುವ ಲಿಂಕ್‌ಗಳಿಗೆ ಬೇಕು. ಸೋಶಿಯಲ್ ಮೀಡಿಯಾದ ಪೋಸ್ಟ್, ಪ್ರೊಫೈಲ್‌ನಲ್ಲಿ ಹಾಕುವ ಲಿಂಕ್, ಗ್ರೂಪ್‌ಗೆ ಕಳಿಸುವ ಸಂದೇಶ, ಎಲ್ಲಕ್ಕೂ. ಗೂಗಲ್ ಹುಡುಕಾಟದಿಂದ ಬರುವವರಿಗೆ ಬೇಕಿಲ್ಲ, ಅನಾಲಿಟಿಕ್ಸ್ ಅವರನ್ನು ತಾನೇ ಗುರುತಿಸುತ್ತದೆ.

ತಾಣದ ಒಳಗೆ ಮಾತ್ರ ಹಾಕಲೇಬೇಡಿ. ಒಂದು ಬರಹದಿಂದ ಇನ್ನೊಂದಕ್ಕೆ ಕೊಡುವ ಲಿಂಕ್, ಮುಖಪುಟದ ಬ್ಯಾನರ್, ಮೆನು ಯಾವುದಕ್ಕೂ ಬೇಡ. ಮೇಲ್‌ನಿಂದ ಬಂದವರೊಬ್ಬರು ಒಳಗಿನ ಬ್ಯಾನರ್ ಒತ್ತಿ ಫಾರಂ ತುಂಬಿದರು ಅಂದುಕೊಳ್ಳಿ. ಬ್ಯಾನರ್‌ನಲ್ಲಿ ಟ್ಯಾಗ್ ಇದ್ದರೆ ಆ ನೋಂದಣಿಯ ಶ್ರೇಯಸ್ಸು ಬ್ಯಾನರ್‌ಗೆ ಹೋಗಬಹುದು. ಅವರನ್ನು ಕರೆತಂದ ಮೇಲ್‌ಗೆ ಸೊನ್ನೆ.

ಹೆಜ್ಜೆ 6: ವರದಿ ಓದುವುದು

ಕಳಿಸಿದ ಹತ್ತು ನಿಮಿಷಕ್ಕೆ ವರದಿ ತೆರೆಯಬೇಡಿ. ಜಿಎ4ನಲ್ಲಿ ಲೆಕ್ಕ ಪೂರ್ತಿಯಾಗಿ ಕೂಡಲು 24ರಿಂದ 48 ಗಂಟೆ ಹಿಡಿಯಬಹುದು. ತಡೆಯಲಾಗದಿದ್ದರೆ ರಿಯಲ್‌ಟೈಮ್ ಇದ್ದೇ ಇದೆ.

ಆಮೇಲೆ ರಿಪೋರ್ಟ್ಸ್, ಅಲ್ಲಿಂದ ಅಕ್ವಿಸಿಷನ್, ಅಲ್ಲಿಂದ ಟ್ರಾಫಿಕ್ ಅಕ್ವಿಸಿಷನ್‌ಗೆ ಹೋಗಿ. ಪಟ್ಟಿಯ ಮೊದಲ ಕಾಲಂ ಅನ್ನು ‘ಸೆಷನ್ ಕ್ಯಾಂಪೇನ್’ (ಸೆಷನ್ ಅಂದರೆ ಒಂದು ಭೇಟಿ) ಅಂತ ಬದಲಿಸಿದರೆ ನಿಮ್ಮ ಹಾಳೆಯ ಹೆಸರುಗಳು ಸಾಲಾಗಿ ಕಾಣುತ್ತವೆ. ಪಕ್ಕದ ಪ್ಲಸ್ ಒತ್ತಿ ಲ್ಯಾಂಡಿಂಗ್ ಪೇಜ್ ಸೇರಿಸಿದರೆ ಯಾವ ಮೇಲ್‌ನಿಂದ ಯಾವ ಬರಹಕ್ಕೆ ಬಂದರು ಅಂತಲೂ ತಿಳಿಯುತ್ತದೆ.

ಅದರ ಪಕ್ಕದಲ್ಲೇ ‘ಯೂಸರ್ ಅಕ್ವಿಸಿಷನ್’ ಅನ್ನುವ ವರದಿಯೂ ಇದೆ. ಹೆಸರು ಒಂದೇ ಥರ, ಆದರೆ ಮೇಲ್‌ನ ಲೆಕ್ಕಕ್ಕೆ ಅದು ಸುಳ್ಳು ಹೇಳಿದ ಹಾಗೇ. ಒಬ್ಬ ಓದುಗ ಮೊಟ್ಟಮೊದಲ ಸಲ ಎಲ್ಲಿಂದ ಬಂದ ಎಂಬುದನ್ನು ಅದು ತೋರಿಸುತ್ತದೆ. ನಿಮ್ಮ ಚಂದಾದಾರರು ಬಹುಪಾಲು ಯಾವತ್ತೋ ಗೂಗಲ್‌ನಲ್ಲಿ ಹುಡುಕಿ ಬಂದು, ಬರಹ ಇಷ್ಟವಾಗಿ ಚಂದಾದಾರರಾದವರು. ಅಲ್ಲಿ ಅವರು ಹುಡುಕಾಟದ ಸಾಲಿನಲ್ಲೇ ಇರುತ್ತಾರೆ. ಅದನ್ನು ನೋಡಿ ಮೇಲ್‌ನಿಂದ ಯಾರೂ ಬರುತ್ತಿಲ್ಲ ಅಂತ ಪತ್ರ ನಿಲ್ಲಿಸಿದರೆ ಅನ್ಯಾಯ.

ಎಷ್ಟು ಜನ ಬಂದರು ಅನ್ನುವುದಕ್ಕಿಂತ ಬಂದು ಏನು ಮಾಡಿದರು ಅನ್ನುವುದು ನನಗೆ ಮುಖ್ಯ. ‘ಎಂಗೇಜ್ಡ್ ಸೆಷನ್’ ಅನ್ನುವ ಕಾಲಂ ಇದೆ. 10 ಸೆಕೆಂಡ್‌ಗಿಂತ ಹೆಚ್ಚು ಇದ್ದರೆ, ಎರಡು ಪುಟ ನೋಡಿದರೆ, ಅಥವಾ ನೀವು ಗುರುತುಮಾಡಿದ ಕೆಲಸ ಮಾಡಿದರೆ ಆ ಭೇಟಿ ಇದಕ್ಕೆ ಸೇರುತ್ತದೆ. ಉದ್ದನೆಯ ಬರಹಕ್ಕೆ 10 ಸೆಕೆಂಡ್ ತೀರಾ ಕಡಿಮೆ ಅನ್ನಿಸುತ್ತದೆ. ನಾನು ಸ್ಕ್ರೋಲ್ ಕಡೆ ನೋಡುತ್ತೇನೆ. ಪುಟದ 90 ಶೇಕಡಾ ಇಳಿದಾಗ ಜಿಎ4 ಅದನ್ನು ದಾಖಲಿಸುತ್ತದೆ. ಚಂದಾದಾರರಾಗುವುದು, ಫಾರಂ ತುಂಬುವುದು ನಿಮ್ಮ ಗುರಿಯಾದರೆ ಆ ಇವೆಂಟನ್ನು (ಓದುಗರು ಮಾಡಿದ್ದೆಂದು ಜಿಎ4 ದಾಖಲಿಸುವ ಕೆಲಸ) ಅಡ್ಮಿನ್‌ನಲ್ಲಿ ‘ಕೀ ಇವೆಂಟ್’ ಅಂತ ಗುರುತುಮಾಡಿ. 2024ರವರೆಗೆ ಇದನ್ನೇ ‘ಕನ್ವರ್ಷನ್’ ಅನ್ನುತ್ತಿದ್ದರು.

ಎರಡು ಲೆಕ್ಕ ಹೊಂದುವುದಿಲ್ಲ, ಹೊಂದಿಸಲು ಹೋಗಬೇಡಿ

ಮೇಲ್ ಸೇವೆ ಇಷ್ಟು ಕ್ಲಿಕ್ ಅನ್ನುತ್ತದೆ, ಪ್ಲಗಿನ್ ಅದಕ್ಕಿಂತ ಕಡಿಮೆ ಭೇಟಿ ತೋರಿಸುತ್ತದೆ. ಯಾವುದೋ ಕೆಟ್ಟಿದೆ ಅಂತ ಒಂದು ಭಾನುವಾರ ಪೂರ್ತಿ ಹುಡುಕಿದ್ದೇನೆ. ಏನೂ ಕೆಟ್ಟಿರಲಿಲ್ಲ. ಕಚೇರಿಗಳ ಮೇಲ್ ಭದ್ರತಾ ವ್ಯವಸ್ಥೆಗಳು ಲಿಂಕ್ ಅಪಾಯಕಾರಿಯೇ ಅಂತ ತಾವೇ ಒತ್ತಿ ನೋಡುತ್ತವೆ, ಮೇಲ್ ಸೇವೆಗೆ ಅದೂ ಕ್ಲಿಕ್ಕೇ. ಒಬ್ಬರು ಐದು ನಿಮಿಷದಲ್ಲಿ ಎರಡು ಲಿಂಕ್ ಒತ್ತಿದರೆ ಎರಡು ಕ್ಲಿಕ್, ಆದರೆ ಅನಾಲಿಟಿಕ್ಸ್‌ಗೆ ಒಂದೇ ಸೆಷನ್. 30 ನಿಮಿಷ ಸುಮ್ಮನಿದ್ದರೆ ಮಾತ್ರ ಸೆಷನ್ ಮುಗಿಯುತ್ತದೆ. ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಹಾಕಿಕೊಂಡವರು, ಕುಕಿಗೆ (ಗುರುತಿಗಾಗಿ ಬ್ರೌಸರ್‌ನಲ್ಲಿ ಇಡುವ ಪುಟ್ಟ ಮಾಹಿತಿ) ಒಪ್ಪದವರು ಎಣಿಕೆಗೇ ಸಿಗದಿರಬಹುದು. ಸಿಗಲೇಬೇಕು ಅಂತ ಹಟ ಬೇಡ. ಕುಕಿ ಒಪ್ಪಿಗೆಯ ಪ್ಲಗಿನ್ ಹಾಕಿ, ಬೇಡ ಅಂದವರನ್ನು ಅವರ ಪಾಡಿಗೆ ಬಿಡಿ.

‘ಎಷ್ಟು ಜನ ಮೇಲ್ ತೆರೆದರು’ ಅನ್ನುವ ಅಂಕಿಯನ್ನಂತೂ ನಾನು ನೋಡುವುದನ್ನೇ ಬಿಟ್ಟಿದ್ದೇನೆ. ಮೇಲ್‌ನೊಳಗಿನ ಕಣ್ಣಿಗೆ ಕಾಣದ ಚಿತ್ರ ಲೋಡ್ ಆದರೆ ತೆರೆದರು ಅಂತ ಲೆಕ್ಕ. 2021ರಲ್ಲಿ ಆಪಲ್ ತನ್ನ ಮೇಲ್ ಆ್ಯಪ್‌ಗೆ ಖಾಸಗಿತನದ ಸೌಲಭ್ಯ ತಂದ ಮೇಲೆ, ಅದನ್ನು ಆನ್ ಮಾಡಿಕೊಂಡವರ ಮೇಲ್‌ನ ಚಿತ್ರಗಳು ಅವರು ತೆರೆಯದಿದ್ದರೂ ಲೋಡ್ ಆಗುತ್ತವೆ.

ಒಂದು ಮೇಲ್‌ನ ಅಂಕಿಯನ್ನು ನಿಮ್ಮದೇ ಹಿಂದಿನ ಮೇಲ್‌ನ ಅಂಕಿಯ ಜೊತೆ ಹೋಲಿಸಿ, ಅದೂ ಒಂದೇ ವರದಿಯಲ್ಲಿ. ತಪ್ಪುಗಳು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ ಏರಿಳಿತ ನಿಜವಾಗಿ ಕಾಣುತ್ತದೆ. ಕನಿಷ್ಠ ನಾಲ್ಕೈದು ಮೇಲ್ ಆಗುವವರೆಗೆ ಯಾವ ತೀರ್ಮಾನಕ್ಕೂ ಬರಬೇಡಿ.

ಕಳಿಸಿ ತಿಂಗಳಾಯಿತು ಅಂತ ಹಾಳೆಯ ಹಳೆಯ ಸಾಲುಗಳನ್ನು ಅಳಿಸಬೇಡಿ, ಆ ಲಿಂಕ್ ಕೆಡಿಸಬೇಡಿ. ನನ್ನ ಹಾಳೆಯ ಮೂರನೇ ಸಾಲಿನ ಮೇಲ್‌ನಿಂದ ಈಗಲೂ ಆಗೀಗ ಒಂದು ಭೇಟಿ ಬರುತ್ತದೆ. ಯಾರೋ ಅದಕ್ಕೆ ಸ್ಟಾರ್ ಹಾಕಿ ಇಟ್ಟುಕೊಂಡಿರಬೇಕು.